ಮಕ್ಕಳಿಗೆ ಒಗ್ಗುವ ಕಾಲೇಜು

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಏರ್ಪಡಿಸಿದ್ದ ಪ್ರತಿಭಾ ಪುರಸ್ಕಾರ ಸಮಾರಂಭದಲ್ಲಿ ನಿವೃತ್ತ ಉಪನ್ಯಾಸಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಇಪ್ಪತ್ತೈದು ವರ್ಷ ಒಂದು ಸಹಕಾರ ಸಂಘವನ್ನು ಹಳ್ಳಿಯಲ್ಲಿ ನಡೆಸಿಕೊಂಡು ಬರುವುದು ಸಣ್ಣ ಮಾತಲ್ಲ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಹಚ್ಚಿದ ದೀಪ ಇದು. ಅದನ್ನು ಆರದಂತೆ ನೋಡಿಕೊಂಡ ನಿಮಗೆಲ್ಲ ಮೊದಲು ನನ್ನ ಅಭಿನಂದನೆ. ಬೆಳ್ಳಿಹಬ್ಬದ ದಿನ ಲಾಭ ನಷ್ಟದ ಲೆಕ್ಕದ ಜೊತೆಗೆ ಸದಸ್ಯರ ಮಕ್ಕಳ ಓದನ್ನೂ ನೆನೆದು ಅವರನ್ನು ವೇದಿಕೆಗೆ ಕರೆದು ಗೌರವಿಸಿದ್ದೀರಿ. ಅದು ಇನ್ನೂ ಒಳ್ಳೆಯ ಕೆಲಸ. ಜಗತ್ತಿನ ಸಹಕಾರಿಗಳು ಒಪ್ಪಿಕೊಂಡಿರುವ ಏಳು ತತ್ವಗಳಲ್ಲಿ ಐದನೆಯದು ಶಿಕ್ಷಣ ಮತ್ತು ತರಬೇತಿಯದ್ದೇ ಅಲ್ಲವೇ?

ನನಗೆ ಮಾತಾಡಲು ಕೊಟ್ಟ ವಿಷಯ ‘ಮುಂದೆ ಏನು ಓದಬೇಕು, ಎಲ್ಲಿ ಓದಬೇಕು’ ಅಂತ. ಏನು ಓದಬೇಕು ಅನ್ನುವುದರ ಬಗ್ಗೆ ಮಾತಾಡುವವರು ಬಹಳ ಜನ ಇದ್ದಾರೆ. ಎಲ್ಲಿ ಓದಬೇಕು ಅನ್ನುವುದನ್ನು ಮಾತ್ರ ನಾವು ಹೆಚ್ಚು ಯೋಚಿಸದೆ ತೀರ್ಮಾನ ಮಾಡಿಬಿಡುತ್ತೇವೆ. ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಬಂದ ವಾರದಲ್ಲಿ ಯಾವುದಾದರೂ ಮದುವೆ ಮನೆಗೆ ಹೋಗಿ ನೋಡಿ. ಊಟದ ಪಂಕ್ತಿಯಲ್ಲಿ ಮೊದಲನೇ ಪ್ರಶ್ನೆ ‘ಎಷ್ಟು ಪರ್ಸೆಂಟ್?’ ಎರಡನೇದು ‘ಯಾವ ಕಾಲೇಜು?’ ಕಾಲೇಜಿನ ಹೆಸರು ದೊಡ್ಡದಾಗಿದ್ದರೆ ಕೇಳಿದವರ ಹುಬ್ಬು ಮೇಲೆ ಹೋಗುತ್ತೆ, ಇಲ್ಲದಿದ್ದರೆ ‘ಓ ಹೌದಾ’ ಅಂತ ಸಾರು ಹಾಕಿಸಿಕೊಳ್ಳುತ್ತಾರೆ. ಆ ಹುಬ್ಬು ಮೇಲೆ ಹೋಗಲಿ ಅಂತ ಎಷ್ಟು ಮನೆಯವರು ಸಾಲ ಮಾಡಿದ್ದಾರೆ, ಎಷ್ಟು ಮಕ್ಕಳು ಕಣ್ಣೀರು ಹಾಕಿದ್ದಾರೆ ಅನ್ನುವುದು ಮೂವತ್ತು ವರ್ಷ ಪಾಠ ಮಾಡಿದ ನನ್ನಂಥವನಿಗೆ ಸ್ವಲ್ಪ ಗೊತ್ತು.

ಹಾಗಾಗಿ ನಾನು ಹೇಳಬೇಕೆಂದಿರುವುದು ಒಂದೇ ಮಾತು. ಕಾಲೇಜಿನ ಹೆಸರನ್ನು ನೋಡುವ ಮೊದಲು ಮಗುವನ್ನು ನೋಡಿ. ಆ ಮಗುವಿಗೆ ಒಗ್ಗುವ ಕಾಲೇಜು ಯಾವುದು ಅಂತ ಕೇಳಿಕೊಳ್ಳಿ.

ಈ ಮಾತು ಬೇರೆ ಊರಿಗಿಂತ ನಮ್ಮ ಸೀಮೆಗೆ ಹೆಚ್ಚು ಮುಖ್ಯ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಹಳದಿ ಎಲೆ ರೋಗದಿಂದ ತೋಟಗಳು ಬರಿದಾಗುತ್ತಾ ಬಂದಿರುವುದು ನಿಮಗೆ ಗೊತ್ತೇ ಇದೆ. ಅದರ ಮೇಲೆ ಈಗ ಎಲೆಚುಕ್ಕೆ ರೋಗ. ಅಡಿಕೆ ನಂಬಿದವರಿಗೆ ಈಗ ಮಕ್ಕಳ ಓದೇ ಆಧಾರ. ಊರಿನ ಎಷ್ಟೋ ಮನೆಗಳಲ್ಲಿ ವಯಸ್ಸಾದ ಅಪ್ಪ ಅಮ್ಮ ಇಬ್ಬರೇ ಇದ್ದಾರೆ, ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಇರೋ ಒಂದೆರಡು ಎಕರೆಯನ್ನು ನಂಬಿಸಿ ಮಗನನ್ನೋ ಮಗಳನ್ನೋ ಓದಿಸುವಾಗ ಎಲ್ಲಿ ಓದಿಸುತ್ತೇವೆ ಅನ್ನುವ ತೀರ್ಮಾನ ತಪ್ಪಿದರೆ, ಅದನ್ನು ತಡೆದುಕೊಳ್ಳುವ ಶಕ್ತಿ ನಮ್ಮ ಮನೆಗಳಿಗೆ ಕಡಿಮೆ.

ಕೃಷಿಕರಾದ ನಿಮಗೆ ‘ಒಗ್ಗುವುದು’ ಅಂದರೆ ಏನು ಅಂತ ನಾನು ಹೇಳಿಕೊಡಬೇಕಾಗಿಲ್ಲ. ಅರೇಬಿಕಾ ಕಾಫಿಗೆ ಎತ್ತರ ಬೇಕು, ತಂಪು ಬೇಕು, ಒಳ್ಳೆ ನೆರಳು ಬೇಕು. ರೊಬಸ್ಟಾ ಅದಕ್ಕಿಂತ ತಗ್ಗಿನಲ್ಲೂ ಬರುತ್ತೆ. ಅರೇಬಿಕಾಗೆ ಹೆಸರು ಜಾಸ್ತಿ ಅಂತ ತಗ್ಗಿನ ಬಿಸಿಲಲ್ಲಿ ಹಾಕಿದರೆ ಕಾಂಡಕೊರಕ ತಿಂದು ಹೋಗುತ್ತೆ. ತಪ್ಪು ಗಿಡದ್ದೂ ಅಲ್ಲ, ಜಾಗದ್ದೂ ಅಲ್ಲ. ಎರಡಕ್ಕೂ ಹೊಂದಿಕೆ ಇರಲಿಲ್ಲ ಅಷ್ಟೆ.

ವೆನಿಲ್ಲಾ ನೆನಪಿದೆಯಾ? 2003ರ ಆಸುಪಾಸಿನಲ್ಲಿ ಹಸಿ ಕೋಡಿಗೆ ಕಿಲೋಗೆ ಸಾವಿರಾರು ರೂಪಾಯಿ ಬಂತು. ಮಲೆನಾಡಿನಲ್ಲಿ ವೆನಿಲ್ಲಾ ಬಳ್ಳಿ ಹಾಕದವನು ದಡ್ಡ ಅನ್ನುವ ಹಾಗಾಯಿತು. ನೀರು, ನೆರಳು, ಬೆಳಿಗ್ಗೆ ಎದ್ದು ಒಂದೊಂದೇ ಹೂವಿಗೆ ಕೈಯಾರೆ ಪರಾಗಸ್ಪರ್ಶ ಮಾಡುವ ಜನ, ಇದೆಲ್ಲ ನಮ್ಮ ಮನೆಯಲ್ಲಿ ಇದೆಯಾ ಅಂತ ಕೇಳಿಕೊಂಡವರು ಕಡಿಮೆ. ಎರಡು ಮೂರು ವರ್ಷದಲ್ಲಿ ರೇಟು ಬಿತ್ತು, ಕೇಳುವವರಿಲ್ಲದೆ ಹೋಯಿತು. ಓದಿನಲ್ಲೂ ಇಂಥ ವೆನಿಲ್ಲಾ ಬರುತ್ತಿರುತ್ತದೆ. ಒಂದು ಕಾಲದಲ್ಲಿ ಎಲ್ಲರೂ ಡಿ.ಎಡ್. ಅಂತ ಓಡಿದರು. ಊರೂರಿಗೆ ಡಿ.ಎಡ್. ಕಾಲೇಜು ಬಂತು, ಆಮೇಲೆ ಮಕ್ಕಳಿಲ್ಲದೆ ಎಷ್ಟೋ ಕಾಲೇಜು ಮುಚ್ಚಿದವು. ಈಗ ಎಲ್ಲರ ಬಾಯಲ್ಲೂ ಕಂಪ್ಯೂಟರ್ ಸೈನ್ಸ್. ಒಲವಿದ್ದವರು ಖಂಡಿತ ಓದಲಿ. ಪಕ್ಕದ ಮನೆಯವರು ಹಾಕಿದರು ಅಂತ ನಾವೂ ಹಾಕುವುದು ಬೇಡ.

ಈಗ ‘ಹೆಸರು’ ಅಂದರೇನು ಅಂತ ನೋಡೋಣ. ಎಂಜಿನಿಯರಿಂಗ್ ತೆಗೆದುಕೊಳ್ಳಿ. ನಮ್ಮ ರಾಜ್ಯದ ಬಹುಪಾಲು ಎಂಜಿನಿಯರಿಂಗ್ ಕಾಲೇಜುಗಳು 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದವು. ಸ್ವಾಯತ್ತ ಕಾಲೇಜುಗಳನ್ನು ಬಿಟ್ಟರೆ ಉಳಿದವುಗಳಿಗೆ ಪಠ್ಯ ಒಂದೇ, ಪ್ರಶ್ನೆ ಪತ್ರಿಕೆಯೂ ಒಂದೇ. ಬೆಂಗಳೂರಿನಲ್ಲಿ ಓದಿದವನೂ ಶಿವಮೊಗ್ಗದಲ್ಲಿ ಓದಿದವನೂ ಚಿಕ್ಕಮಗಳೂರಿನಲ್ಲಿ ಓದಿದವನೂ ಅದೇ ಪರೀಕ್ಷೆ ಬರೆದು ಅದೇ ವಿಶ್ವವಿದ್ಯಾಲಯದ ಪದವಿ ತರುತ್ತಾರೆ. ಹಾಗಾದರೆ ವ್ಯತ್ಯಾಸವೇ ಇಲ್ಲವಾ? ಇದೆ. ಪಾಠ ಮಾಡುವವರು ಎಂಥವರು, ಪ್ರಯೋಗಾಲಯ ಹೇಗಿದೆ, ಕಂಪನಿಯವರು ಬರುತ್ತಾರಾ, ಜೊತೆಯಲ್ಲಿ ಓದುವ ಮಕ್ಕಳು ಹೇಗೆ, ಇದರಲ್ಲೆಲ್ಲ ವ್ಯತ್ಯಾಸ ಇದೆ. ಹೆಸರು ಅನ್ನುವುದು ಈ ಎಲ್ಲದರ ಬಗ್ಗೆ ಊರವರು ಕಟ್ಟಿದ ಅಂದಾಜು. ಅದರಲ್ಲಿ ಹತ್ತು ವರ್ಷ ಹಳೆಯ ಸುದ್ದಿ ಇರುತ್ತೆ, ಜಾಹೀರಾತಿನ ಪಾಲೂ ಇರುತ್ತೆ.

ನಮ್ಮ ಶೃಂಗೇರಿ ಕ್ಷೇತ್ರದ ಶಾಸಕರಾಗಿದ್ದ ಎಚ್.ಜಿ. ಗೋವಿಂದೇಗೌಡರನ್ನು ಇಲ್ಲಿ ನೆನೆಯಬೇಕು. 1994ರಲ್ಲಿ ಬಂದ ಸರ್ಕಾರದಲ್ಲಿ ಅವರು ಶಿಕ್ಷಣ ಮಂತ್ರಿಗಳಾಗಿದ್ದಾಗ ಸಾವಿರಾರು ಶಿಕ್ಷಕರ ನೇಮಕ ಅಂಕದ ಆಧಾರದ ಮೇಲೆ ನಡೆಯಿತು. ಶಿಫಾರಸು ಹಿಡಿದು ಹೋದವರಿಗೆ ಅವರ ಹತ್ತಿರ ಕೆಲಸ ಆಗಲಿಲ್ಲ ಅನ್ನುವುದನ್ನು ಈ ಕಡೆಯ ಹಿರಿಯರು ಇವತ್ತಿಗೂ ಹೆಮ್ಮೆಯಿಂದ ಹೇಳುತ್ತಾರೆ. ಬಡವರ ಮನೆಯ ಹುಡುಗ ಹುಡುಗಿಯರು, ಯಾರಿಗೂ ಹೆಸರು ಗೊತ್ತಿಲ್ಲದ ಕಡೆ ಟಿ.ಸಿ.ಎಚ್. ಓದಿದವರು, ಮೇಷ್ಟ್ರಾದರು, ಮೇಡಂ ಆದರು. ಅವರನ್ನು ನೀನು ಓದಿದ್ದು ಯಾವ ದೊಡ್ಡ ಕಡೆ ಅಂತ ಯಾರೂ ಕೇಳಲಿಲ್ಲ. ಎಷ್ಟು ಚೆನ್ನಾಗಿ ಓದಿದೆ ಅಂತ ನೋಡಿದರು.

ಇನ್ನು ನಮ್ಮೂರಿನ ಇನ್ನೊಂದು ಸಂಗತಿ. ಎಸ್ಸೆಸ್ಸೆಲ್ಸಿ ಮುಗಿದ ಕೂಡಲೇ ಮಕ್ಕಳನ್ನು ‘ಘಟ್ಟ ಇಳಿಸುವುದು’. ಉಡುಪಿ, ಕಾರ್ಕಳ, ಮೂಡುಬಿದಿರೆ, ಮಂಗಳೂರು ಕಡೆ ಪಿಯುಸಿಗೆ ಹಾಸ್ಟೆಲಿನಲ್ಲಿ ಬಿಡುವುದು. ಅಲ್ಲಿ ಒಳ್ಳೆಯ ಕಾಲೇಜುಗಳಿವೆ, ಶಿಸ್ತಿದೆ, ಚೆನ್ನಾಗಿ ಪಾಠ ಮಾಡುವವರಿದ್ದಾರೆ. ಅಲ್ಲಿಗೆ ಹೋಗಿ ಡಾಕ್ಟರಾಗಿ ಬಂದ ನಮ್ಮ ಮಕ್ಕಳೂ ಇದ್ದಾರೆ. ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಹತ್ತನೇ ತರಗತಿವರೆಗೆ ಊರಿನ ಕನ್ನಡ ಶಾಲೆಯಲ್ಲಿ ಮೂವತ್ತು ಮಕ್ಕಳ ಜೊತೆ ಓದಿದ ಹುಡುಗನನ್ನು ಒಂದೇ ಸಲಕ್ಕೆ ನೂರು ಮಕ್ಕಳ ಸೆಕ್ಷನ್ನಿಗೆ ಹಾಕುತ್ತೇವೆ. ಬೆಳಿಗ್ಗೆಯಿಂದ ರಾತ್ರಿವರೆಗೆ ಇಂಗ್ಲಿಷಿನಲ್ಲಿ ಪಾಠ, ವಾರಕ್ಕೊಂದು ಪರೀಕ್ಷೆ, ಗೋಡೆಗೆ ರ‍್ಯಾಂಕ್ ಪಟ್ಟಿ. ಊರಿನಲ್ಲಿ ಮೊದಲನೆಯವನಾಗಿದ್ದವನು ಅಲ್ಲಿ ಎಂಬತ್ತನೆಯವನಾಗುತ್ತಾನೆ. ಕೆಲವರು ಹಠ ಹಿಡಿದು ಮೇಲೆ ಬರುತ್ತಾರೆ. ಕೆಲವರು ‘ನನಗೆ ತಲೆ ಇಲ್ಲ’ ಅಂತ ತೀರ್ಮಾನ ಮಾಡಿಕೊಂಡುಬಿಡುತ್ತಾರೆ. ಹದಿನಾರನೇ ವಯಸ್ಸಿನಲ್ಲಿ ಮನಸ್ಸಿಗೆ ಹತ್ತಿದ ಆ ಮಾತು ಸುಲಭಕ್ಕೆ ಇಳಿಯುವುದಿಲ್ಲ.

ನನ್ನ ಹತ್ತಿರ ಹೀಗೆ ವಾಪಸು ಬಂದು ಸೇರಿದ ಮಕ್ಕಳು ಹಲವರಿದ್ದರು. ಒಬ್ಬ ಹುಡುಗ ಆರು ತಿಂಗಳು ಕ್ಲಾಸಿನಲ್ಲಿ ಬಾಯಿ ಬಿಡಲಿಲ್ಲ. ಪ್ರಯೋಗಾಲಯದಲ್ಲಿ ಮಾತ್ರ ಅವನ ಕೈ ಚುರುಕು. ಕೆಟ್ಟು ಹೋದ ಮೀಟರನ್ನು ಬಿಚ್ಚಿ ಸರಿಮಾಡಿ ಇಟ್ಟಿದ್ದ. ಪಿಯುಸಿ ಹೇಗೋ ಪಾಸಾಯಿತು. ‘ಡಿಪ್ಲೊಮಾಗೆ ಹೋಗೋ ಮಾರಾಯ’ ಅಂದೆ. ಮನೆಯವರಿಗೆ ಇಷ್ಟ ಇರಲಿಲ್ಲ, ‘ಪಿಯುಸಿ ಆದ ಮೇಲೆ ಡಿಪ್ಲೊಮಾನಾ, ಜನ ಏನಂತಾರೆ’ ಅಂದರು. ಹೋದ. ಡಿಪ್ಲೊಮಾ ಮುಗಿಸಿ ಡಿಸಿಇಟಿ ಬರೆದು ನೇರ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರಿದ. ಇವತ್ತು ಕೈತುಂಬಾ ಕೆಲಸ. ಅವನ ಬುದ್ಧಿ ಮೊದಲೂ ಇದ್ದದ್ದೇ. ಅದಕ್ಕೆ ಸರಿಯಾದ ಜಾಗ ಸಿಗುವುದು ತಡವಾಯಿತು.

ಅಮೆರಿಕದಲ್ಲಿ 2014ರಲ್ಲಿ ಗ್ಯಾಲಪ್ ಸಂಸ್ಥೆ ಮತ್ತು ಪರ್ಡ್ಯೂ ವಿಶ್ವವಿದ್ಯಾಲಯದವರು ಸೇರಿ 30,000ಕ್ಕೂ ಹೆಚ್ಚು ಪದವೀಧರರನ್ನು ವಿಚಾರಿಸಿದರು. ಕೆಲಸದಲ್ಲಿ ಮನಸ್ಸಿಟ್ಟು ದುಡಿಯುತ್ತಾ ನೆಮ್ಮದಿಯಾಗಿರುವವರು ಯಾರು, ಅವರಿಗೆ ಕಾಲೇಜಿನಲ್ಲಿ ಏನು ಸಿಕ್ಕಿತ್ತು ಅಂತ ನೋಡಿದರು. ಯಾವ ಬಗೆಯ ಕಾಲೇಜು ಅನ್ನುವುದರಿಂದ ಅಷ್ಟೇನೂ ವ್ಯತ್ಯಾಸ ಕಾಣಲಿಲ್ಲ. ನನ್ನ ಬಗ್ಗೆ ಕಾಳಜಿ ಇದ್ದ ಒಬ್ಬ ಮೇಷ್ಟ್ರಿದ್ದರು, ಕಲಿಯುವ ಹುಮ್ಮಸ್ಸು ಹುಟ್ಟಿಸಿದವರಿದ್ದರು, ಬೆನ್ನು ತಟ್ಟಿದವರಿದ್ದರು ಅಂತ ಹೇಳಿದವರೇ ಮುಂದೆ ಚೆನ್ನಾಗಿದ್ದರು. ನಮ್ಮ ಹಿರಿಯರು ಗುರು ಸಿಗಬೇಕು ಅನ್ನುತ್ತಿದ್ದರಲ್ಲ, ಅದೇ ಮಾತು.

ಇನ್ನು ದುಡ್ಡಿನ ವಿಚಾರ. ಇದು ಸಹಕಾರ ಸಂಘದ ವೇದಿಕೆ, ಸಾಲದ ಲೆಕ್ಕ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಒಂದು ಉದಾಹರಣೆ ಹೇಳುತ್ತೇನೆ. ಹೆಸರಿನ ಕಾಲೇಜು ಅಂತ ವರ್ಷಕ್ಕೆ 2 ಲಕ್ಷದಂತೆ ನಾಲ್ಕು ವರ್ಷ 8 ಲಕ್ಷ ಸಾಲ ಮಾಡಿದಿರಿ ಅಂತಿಟ್ಟುಕೊಳ್ಳಿ. ಬಡ್ಡಿ ನೂರಕ್ಕೆ ಹತ್ತು. ಓದು ಮುಗಿಯುವಷ್ಟರಲ್ಲಿ ಬಡ್ಡಿಯೇ 2 ಲಕ್ಷ ಸೇರಿ ಒಟ್ಟು 10 ಲಕ್ಷ ಆಗುತ್ತೆ. ಅದನ್ನು ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 13,200 ರೂಪಾಯಿ ಕಂತು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಬೆಂಗಳೂರಿನಲ್ಲಿ ಬಾಡಿಗೆ ಕೊಟ್ಟು, ಊಟ ಮಾಡಿ, ಈ ಕಂತು ಕಟ್ಟಿ, ಮನೆಗೆ ಎಷ್ಟು ಕಳಿಸಿಯಾನು? ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 4 ಲಕ್ಷದವರೆಗೆ ಆಸ್ತಿ ಆಧಾರ ಬೇಡ. 7.5 ಲಕ್ಷ ದಾಟಿದರೆ ಸಾಮಾನ್ಯವಾಗಿ ಆಸ್ತಿ ಕೇಳುತ್ತಾರೆ. ಆಸ್ತಿ ಅಂದರೆ ನಮ್ಮಲ್ಲಿ ತೋಟ. 2024ರಲ್ಲಿ ಬಂದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆಯ್ದ ಸಂಸ್ಥೆಗಳಿಗೆ ಆಧಾರವಿಲ್ಲದೆ ಸಾಲ ಇದೆ, ನಿಮ್ಮ ಕಾಲೇಜು ಆ ಪಟ್ಟಿಯಲ್ಲಿದೆಯಾ ಅಂತ ಮೊದಲೇ ವಿಚಾರಿಸಿ. ಸಂಘದಲ್ಲಿ ಸಾಲ ಕೇಳಿದರೆ ಪಹಣಿ ನೋಡುತ್ತಾರೆ, ಬೆಳೆ ನೋಡುತ್ತಾರೆ, ತೀರಿಸುವ ಶಕ್ತಿ ನೋಡುತ್ತಾರೆ. ಕಾಲೇಜಿಗೆ ದುಡ್ಡು ಕಟ್ಟುವ ಮೊದಲು ನಾವೂ ಅಷ್ಟು ನೋಡಬೇಡವೇ?

ಹಾಗಾದರೆ ಕಾಲೇಜನ್ನು ನೋಡುವುದು ಹೇಗೆ? ನನ್ನ ಅನುಭವದ ನಾಲ್ಕು ಮಾತು ಹೇಳುತ್ತೇನೆ.

ಮೊದಲನೆಯದು, ಕಾಲೇಜಿನ ಸಮಾರಂಭದ ದಿನ ಹೋಗಬೇಡಿ, ಮಾಮೂಲಿ ಕೆಲಸದ ದಿನ ಹೋಗಿ. ಮಗುವನ್ನೂ ಕರೆದುಕೊಂಡು ಹೋಗಿ. ಕ್ಲಾಸು ನಡೆಯುತ್ತಿದೆಯಾ, ಲೈಬ್ರರಿಯಲ್ಲಿ ಮಕ್ಕಳು ಕೂತಿದ್ದಾರಾ, ಪ್ರಯೋಗಾಲಯದ ಯಂತ್ರಗಳ ಮೇಲೆ ಧೂಳು ಕೂತಿದೆಯಾ ನೋಡಿ. ಹಾಸ್ಟೆಲಿನ ಅಡುಗೆ ಮನೆ ನೋಡಿ, ಸಾಧ್ಯವಾದರೆ ಅಲ್ಲೇ ಊಟ ಮಾಡಿ.

ಎರಡನೆಯದು, ಆಫೀಸಿನವರನ್ನು ಕೇಳುವುದಕ್ಕಿಂತ ಅಲ್ಲಿ ಓದುತ್ತಿರುವ ನಮ್ಮ ಕಡೆಯ ಮಕ್ಕಳನ್ನು ಕೇಳಿ. ಕಾಯಂ ಉಪನ್ಯಾಸಕರು ಎಷ್ಟು ಜನ, ವರ್ಷ ವರ್ಷವೂ ಬದಲಾಗುತ್ತಾರಾ, ಗೊತ್ತಾಗದಿದ್ದನ್ನು ಮತ್ತೆ ಕೇಳಿದರೆ ಹೇಳಿಕೊಡುತ್ತಾರಾ ಅಂತ ವಿಚಾರಿಸಿ. ಕನ್ನಡ ಮಾಧ್ಯಮದಿಂದ ಬಂದ ಮಗುವಾದರೆ, ಅಂಥ ಮಕ್ಕಳಿಗೆ ಮೊದಲ ಕೆಲವು ತಿಂಗಳು ಏನಾದರೂ ಸಹಾಯ ಮಾಡುತ್ತಾರಾ ಅನ್ನುವುದನ್ನು ತಪ್ಪದೆ ಕೇಳಿ.

ಮೂರನೆಯದು, ಅಂಕಿಯನ್ನು ಬಿಡಿಸಿ ನೋಡಿ. ‘ನೂರಕ್ಕೆ ತೊಂಬತ್ತು ಜನಕ್ಕೆ ಕೆಲಸ’ ಅಂತ ಬೋರ್ಡು ಹಾಕಿದ್ದರೆ, ಸೇರಿದ ನೂರರಲ್ಲಿ ತೊಂಬತ್ತೋ, ಕಂಪನಿಯವರ ಮುಂದೆ ಕೂರಲು ಅರ್ಹರಾದ ಮೂವತ್ತರಲ್ಲೋ? ಅತಿ ಹೆಚ್ಚು ಸಂಬಳ ಪಡೆದ ಒಬ್ಬನ ಫೋಟೋ ಹಾಕಿರುತ್ತಾರೆ. ಸಾಲಿನಲ್ಲಿ ನಡುವೆ ನಿಂತವನಿಗೆ ಎಷ್ಟು ಸಿಕ್ಕಿತು ಅಂತ ಕೇಳಿ. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಪಟ್ಟಿಗೆ ಅರ್ಜಿ ಹಾಕುವ ಕಾಲೇಜುಗಳು ಎಷ್ಟು ಜನ ಸೇರಿದರು, ಎಷ್ಟು ಜನ ಸರಿಯಾದ ಸಮಯಕ್ಕೆ ಮುಗಿಸಿದರು, ನಡುವಿನ ಸಂಬಳ ಎಷ್ಟು ಅಂತ ಮಾಹಿತಿ ಕೊಡಬೇಕು. ಪಟ್ಟಿಯಲ್ಲಿ ಎಷ್ಟನೇ ಸ್ಥಾನ ಅನ್ನುವುದಕ್ಕಿಂತ ಆ ಮಾಹಿತಿ ಉಪಯೋಗ.

ನಾಲ್ಕನೆಯದು, ಮೊದಲ ವರ್ಷದ ಫೀಸು ನೋಡಿ ತೀರ್ಮಾನ ಮಾಡಬೇಡಿ. ಎಲ್ಲ ವರ್ಷದ್ದೂ ಸೇರಿಸಿ, ಹಾಸ್ಟೆಲು, ಮೆಸ್ಸು, ಪರೀಕ್ಷಾ ಶುಲ್ಕ, ಊರಿಗೆ ಬಂದು ಹೋಗುವ ಬಸ್ ಚಾರ್ಜು, ಎಲ್ಲ ಬರೆದು ಕೂಡಿಸಿ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಒಗ್ಗುವ ಕಾಲೇಜು ಅಂದರೆ ಹತ್ತಿರದ ಕಾಲೇಜು ಅಂತಲ್ಲ, ಸುಲಭದ್ದು ಅಂತಲೂ ಅಲ್ಲ. ಇದನ್ನು ವಿಶೇಷವಾಗಿ ಹೆಣ್ಣುಮಕ್ಕಳ ತಂದೆ ತಾಯಿಗೆ ಹೇಳುತ್ತಿದ್ದೇನೆ. ಮಗನಾದರೆ ಬೆಂಗಳೂರು, ಮಗಳಾದರೆ ‘ಇಲ್ಲೇ ಯಾವುದಾದರೂ ಸಾಕು, ಅವಳಿಗೆ ಇದೇ ಒಗ್ಗುತ್ತೆ’ ಅನ್ನುವುದು ನಡೆದು ಬಂದಿದೆ. ಅದು ಮಗಳಿಗೆ ಒಗ್ಗುವುದಲ್ಲ, ನಮಗೆ ಒಗ್ಗುವುದು. ಸುರತ್ಕಲ್ಲಿನ ಎನ್‌ಐಟಿಯಲ್ಲೋ, ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲೋ ಸೀಟು ಸಿಕ್ಕಿ, ಅವಳಿಗೂ ಮನಸ್ಸಿದ್ದರೆ, ದೂರ ಅಂತ ಕೈಬಿಡಬೇಡಿ. ಅಮೆರಿಕದಲ್ಲಿ ಡೇಲ್ ಮತ್ತು ಕ್ರೂಗರ್ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು 2002ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ದೊಡ್ಡ ಕಾಲೇಜಿನಲ್ಲಿ ಸೀಟು ಸಿಕ್ಕಿಯೂ ಅಷ್ಟು ಹೆಸರಿಲ್ಲದ ಕಡೆ ಓದಿದವರು ಮುಂದೆ ದುಡಿದದ್ದು ದೊಡ್ಡ ಕಡೆ ಓದಿದವರಷ್ಟೇ ಅಂತ ಅವರಿಗೆ ಕಂಡುಬಂತು. ಶಕ್ತಿ ಮಕ್ಕಳಲ್ಲಿತ್ತು. ಆದರೆ ಬಡ ಮನೆಗಳಿಂದ ಬಂದ ಮಕ್ಕಳಿಗೆ ಮಾತ್ರ ದೊಡ್ಡ ಕಾಲೇಜಿನಿಂದ ಲಾಭ ಆಗಿತ್ತು ಅಂತಲೂ ಅವರೇ ಹೇಳಿದರು. ಯಾಕೆಂದರೆ ಪರಿಚಯ, ಸಂಪರ್ಕ ಅವರಿಗೆ ಮನೆಯಲ್ಲಿ ಸಿಗುವುದಿಲ್ಲ, ಕಾಲೇಜಿನಲ್ಲೇ ಸಿಗಬೇಕು. ಹಾಗಾಗಿ ಯೋಗ್ಯತೆಯಿಂದ ಒಳ್ಳೆ ಸೀಟು ಬಂದಾಗ ನಮ್ಮ ಹಳ್ಳಿ ಮಕ್ಕಳು ಹೆದರಿ ಹಿಂದೆ ಸರಿಯಬಾರದು.

ಆ ಸೀಟಿಗೆ ದಾರಿಗಳೂ ಇವೆ. ಸಿಇಟಿಯಲ್ಲಿ ಗ್ರಾಮೀಣ ಮೀಸಲಾತಿ ಇದೆ, ಕನ್ನಡ ಮಾಧ್ಯಮದ ಮೀಸಲಾತಿ ಇದೆ. ಒಂದರಿಂದ ಹತ್ತರವರೆಗೆ ಓದಿದ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಸಹಿ ಬೇಕು. ಅದನ್ನು ಕೊನೇ ದಿನ ಹುಡುಕಿಕೊಂಡು ಕೊಪ್ಪಕ್ಕೆ ಓಡಬೇಡಿ. ಕಡಿಮೆ ಆದಾಯದವರಿಗೆ ಬೋಧನಾ ಶುಲ್ಕ ವಿನಾಯಿತಿಯ ಎಸ್‌ಎನ್‌ಕ್ಯೂ ಸೀಟುಗಳಿವೆ. ಕೃಷಿ, ತೋಟಗಾರಿಕೆ ಪದವಿಗಳಲ್ಲಿ ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಪಾಲು ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆ ನಡೆಸುತ್ತಾರೆ. ತೋಟ ಗದ್ದೆಯಲ್ಲಿ ಕೆಲಸ ಮಾಡಿ ಬೆಳೆದ ಮಗುವಿಗೆ ಆ ಪರೀಕ್ಷೆ ಕಷ್ಟವೇನಲ್ಲ.

ಹತ್ತಿರದಲ್ಲೂ ಏನಿದೆ ಅಂತ ನೋಡಿ. ಕೊಪ್ಪದಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿದೆ, ಆಯುರ್ವೇದ ವೈದ್ಯಕೀಯ ಕಾಲೇಜಿದೆ. ಶೃಂಗೇರಿಯಲ್ಲಿ ಜೆ.ಸಿ.ಬಿ.ಎಂ. ಕಾಲೇಜಿದೆ, ಸಂಸ್ಕೃತದಲ್ಲಿ ಒಲವಿರುವವರಿಗೆ ಕೇಂದ್ರೀಯ ಸಂಸ್ಕೃತ ವಿಶ್ವವಿದ್ಯಾಲಯದ ರಾಜೀವ್ ಗಾಂಧಿ ಆವರಣವೇ ಅಲ್ಲಿದೆ. ಮೂಡಿಗೆರೆಯಲ್ಲಿ ತೋಟಗಾರಿಕೆ ಕಾಲೇಜಿದೆ. ಬಾಳೆಹೊನ್ನೂರಿನ ಹತ್ತಿರ ಕಾಫಿ ಸಂಶೋಧನಾ ಕೇಂದ್ರ 1925ರಿಂದ ಇದೆ. ನಮ್ಮ ತೋಟದ ರೋಗಕ್ಕೆ ಮದ್ದು ಹುಡುಕುವವರು ನಮ್ಮ ಮಕ್ಕಳೇ ಯಾಕಾಗಬಾರದು? ಬೆಂಗಳೂರಿನಲ್ಲಿ ಬೇಸರದಿಂದ ಓದಿದ ಎಂಜಿನಿಯರಿಗಿಂತ ಮೂಡಿಗೆರೆಯಲ್ಲಿ ಆಸೆಯಿಂದ ಓದಿದ ತೋಟಗಾರಿಕೆ ಪದವೀಧರ ನಮ್ಮ ಊರಿಗೆ ಹೆಚ್ಚು ಬೇಕು.

ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು ಅವರ ವಿಷಯ ನಿಮಗೆ ಗೊತ್ತು. 1927ರಲ್ಲಿ ಮೈಸೂರಿನಲ್ಲಿ ಬಿ.ಎ. ಮುಗಿಸಿದಾಗ ಇಂಗ್ಲಿಷಿಗಿದ್ದ ಮರ್ಯಾದೆ ಕನ್ನಡಕ್ಕೆ ಇರಲಿಲ್ಲ. ಕನ್ನಡ ಎಂ.ಎ. ಅನ್ನುವುದೇ ಆಗ ಹೊಸದಾಗಿ ಶುರುವಾಗಿತ್ತು. ಅವರು ಅದಕ್ಕೇ ಸೇರಿದರು. ತಮಗೆ ಒಗ್ಗುವುದನ್ನು ಆರಿಸಿಕೊಂಡರು. ಮುಂದೆ ಅದೇ ಮೈಸೂರು ವಿಶ್ವವಿದ್ಯಾಲಯಕ್ಕೆ ಕುಲಪತಿಗಳಾದರು. ಇವತ್ತು ನಮ್ಮ ಜಿಲ್ಲೆಯ ಪದವಿ ಕಾಲೇಜುಗಳು ಸೇರಿರುವ ವಿಶ್ವವಿದ್ಯಾಲಯಕ್ಕೆ ಅವರದ್ದೇ ಹೆಸರು. ಹೆಸರಿಲ್ಲದ ಕೋರ್ಸಿಗೆ ಹೋದವರಿಂದ ಆ ಕೋರ್ಸಿಗೇ ಹೆಸರು ಬಂತು.

ಸಂಘದ ಆಡಳಿತ ಮಂಡಳಿಯವರಲ್ಲಿ ನನ್ನದೊಂದು ವಿನಂತಿ. ಪ್ರತಿ ವರ್ಷ ಫಲಿತಾಂಶ ಬಂದ ಮೇಲೆ ಒಂದು ಭಾನುವಾರ ಈ ಸಭಾಂಗಣ ತೆರೆದಿಡಿ. ಬೇರೆ ಬೇರೆ ಕಡೆ ಓದುತ್ತಿರುವ ನಮ್ಮ ಸದಸ್ಯರ ಮಕ್ಕಳನ್ನು ಕರೆಸಿ ಕೂರಿಸಿ. ಯಾವ ಕಾಲೇಜಿನಲ್ಲಿ ನಿಜವಾಗಿ ಎಷ್ಟು ಖರ್ಚು, ಪಾಠ ಹೇಗೆ, ಊಟ ಹೇಗೆ ಅಂತ ಒಂದು ಪುಸ್ತಕದಲ್ಲಿ ಬರೆಸಿಡಿ. ಹಿಂದಿನವರು ಕಂಡದ್ದು ಮುಂದಿನವರಿಗೆ ಸಿಗಲಿ. ಇದಕ್ಕೆ ಬಂಡವಾಳ ಬೇಕಿಲ್ಲ, ಸಹಕಾರ ಸಾಕು.

ತಂದೆ ತಾಯಂದಿರೇ, ಮಗುವಿನ ಜೊತೆ ಒಂದು ಸಂಜೆ ಜಗಲಿಯಲ್ಲಿ ಕೂತು ಮಾತಾಡಿ. ನಿನಗೆ ಏನು ಇಷ್ಟ, ಯಾವುದಕ್ಕೆ ಹೆದರಿಕೆ ಅಂತ ಕೇಳಿ. ಮನೆಯ ದುಡ್ಡಿನ ಪರಿಸ್ಥಿತಿಯನ್ನೂ ಮುಚ್ಚಿಡದೆ ಹೇಳಿ. ಮಕ್ಕಳು ನಾವು ತಿಳಿದದ್ದಕ್ಕಿಂತ ಬುದ್ಧಿವಂತರು. ಹೋದ ಕಡೆ ಒಗ್ಗಲಿಲ್ಲ ಅಂತ ಮಗು ಫೋನ್ ಮಾಡಿದರೆ ಮೊದಲು ಬೈಯಬೇಡಿ, ಹೋಗಿ ನೋಡಿ ಬನ್ನಿ. ಒಂದು ವರ್ಷ ಹೋದರೆ ಮತ್ತೆ ಕಟ್ಟಿಕೊಳ್ಳಬಹುದು, ಮಗು ದೊಡ್ಡದು.

ವಿದ್ಯಾರ್ಥಿಗಳೇ, ಇವತ್ತು ನಿಮಗೆ ಶಾಲು ಹೊದಿಸಿ, ಹಣ್ಣು ಕೊಟ್ಟು, ಊರೇ ಚಪ್ಪಾಳೆ ತಟ್ಟಿದೆ. ನಾಳೆ ನೀವು ಯಾವ ಕಾಲೇಜಿನಲ್ಲಿ ಓದಿದರೂ ನಾರ್ವೆಯ ಮಕ್ಕಳೇ. ಕಾಲೇಜು ಚಿಕ್ಕದಾದರೆ ಕುಗ್ಗಬೇಡಿ, ದೊಡ್ಡದಾದರೆ ಬೀಗಬೇಡಿ. ಎಲ್ಲೇ ಇದ್ದರೂ ಮನಸ್ಸಿಟ್ಟು ಓದಿ.

ಸಂಘ ಸುವರ್ಣ ಮಹೋತ್ಸವವನ್ನೂ ಕಾಣಲಿ, ಆ ದಿನ ಈ ವೇದಿಕೆಯ ಮೇಲೆ ನಿಮ್ಮಲ್ಲಿ ಯಾರಾದರೂ ನಿಂತು ಮಾತಾಡುವಂತಾಗಲಿ ಅಂತ ಹಾರೈಸುತ್ತೇನೆ.